ಇಳಕಲ್ ಸೆರಗಿನ ಇಂಜಿನ್

ಹೋದ ವಾರ ನಮ್ಮ ಕಟ್ಟಡದ ಗೇಟಿಗೆ ಬಣ್ಣ ಹಚ್ಚಿಸಿದರು. ಎನಾಮಲ್ ಮತ್ತು ಟರ್ಪೆಂಟೈನ್ ಕೂಡಿದ ಆ ಘಾಟು ಎರಡು ದಿನ ಮೆಟ್ಟಿಲ ತುಂಬ ನಿಂತಿತ್ತು. ಕೆಳಗಿನ ಮನೆಯವರು ತಲೆನೋವೆಂದು ಗೊಣಗಿ ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ಚಹಾದ ಕಪ್ಪು ಹಿಡಿದು ಹೊರಗೇ ಕೂತೆ. ನನಗೆ ಆ ವಾಸನೆ ಇಷ್ಟ. ಅದು ಬಂತೆಂದರೆ ಮೇಲಿನ ಮನೆಯ ಕಾಕಾ ನೆನಪಾಗುತ್ತಾರೆ...

ಆಗ ನಾವು ಸಿಕಂದರಾಬಾದಿನಲ್ಲಿ, ರೈಲ್ವೆಯವರೇ ಹೆಚ್ಚಾಗಿದ್ದ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ನಾನು ಹತ್ತಿರದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಕಾಕಾ, ಕಾಕೂ ನಮ್ಮ ತಲೆಯ ಮೇಲಿನ ಮನೆಯವರು. ಬಾಗಲಕೋಟೆ ಕಡೆಯವರು, ಇಲ್ಲಿಗೆ ಬಂದು ಒಂದು ಆಯುಷ್ಯವೇ ಕಳೆದಿತ್ತು. ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮೆಟ್ಟಿಲ ಮೇಲೆ ನಾವು ನಾವೇ ಸಿಕ್ಕಾಗ ಕನ್ನಡ. ಕಾಕಾ ಮೊದಲು ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದರಂತೆ, ನಡುವೆ ಯಾವಾಗಲೋ ಅವರನ್ನು ಆಫೀಸಿಗೆ ಹಾಕಿದರಂತೆ, ಅಲ್ಲೇ ರಿಟೈರ್ ಆದರಂತೆ. ಓಡುವ ಗಾಡಿಯವರನ್ನು ಕುರ್ಚಿಗೆ ಯಾಕೆ ಕಟ್ಟಿಹಾಕಿದರು ಎಂದು ನಾನು ಕೇಳಿರಲಿಲ್ಲ. ಅವರು ಸ್ಕೂಟರಿನಲ್ಲಿ ಹೋಗುವಾಗ ಸಿಗ್ನಲ್ ಬಂದರೆ ಹಿಂದೆ ಕೂತ ಕಾಕೂ ಅವರ ಬೆನ್ನು ತಟ್ಟುವುದನ್ನು ನೋಡಿದ್ದೆ. ಗಂಡ ಹೆಂಡಿರ ಸಲಿಗೆ ಅಂದುಕೊಂಡಿದ್ದೆ.

ರಿಟೈರ್ ಆದವರು ಸುಮ್ಮನೆ ಕೂಡಬೇಕಲ್ಲ. ತಮ್ಮಂಥ ಮೂರು ನಾಲ್ಕು ಜನ ಹಳೆಯ ಗೆಳೆಯರನ್ನು ಕೂಡಿಸಿಕೊಂಡು ಕಾಕಾ ಒಂದು ಕಂಪನಿ ತೆಗೆದರು. ತಾಂಡೂರಿನ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಿಂದ, ಕಾರ್ಖಾನೆಯ ಸ್ವಂತ ಹಳಿಯ ಮೇಲೆ, ತುಂಬಿದ ವ್ಯಾಗನ್ನುಗಳನ್ನು ಸ್ಟೇಷನ್ನಿನವರೆಗೆ ಎಳೆದು ಮುಟ್ಟಿಸುವ ಕೆಲಸ. ಅಲ್ಲಿಂದ ಮುಂದಿನದು ರೈಲ್ವೆಯ ಪಾಲು. ಕಾಕಾ ರೈಲು ಕೊಂಡರಂತೆ ಎಂದು ಓಣಿಯ ಜನ ನಕ್ಕರು. ಕೊಂಡದ್ದು ಒಂದೇ ಇಂಜಿನ್, ಅದೂ ರೈಲ್ವೆ ಕೈಬಿಟ್ಟ ಹಳೆಯ ಡೀಸೆಲ್ಲು. ಮೌಲಾಲಿಯ ಹತ್ತಿರದ ಒಂದು ಶೆಡ್ಡಿನಲ್ಲಿ ಅದರ ರಿಪೇರಿ ನಡೆದಿತ್ತು. ಆಸ್ಪತ್ರೆಯಲ್ಲಿ ಮಲಗಿದ ನೆಂಟರನ್ನು ನೋಡಲು ಹೋಗುವ ಹಾಗೆ ಕಾಕಾ ದಿನಾ ಡಬ್ಬಿ ಕಟ್ಟಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವರು ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ನಮ್ಮ ಮನೆಗೆ ಇಳಿದು ಬಂದರು. ಬಿಚ್ಚಿದರೆ ಕಾಕೂನ ಇಳಕಲ್ ಸೀರೆ. ಹಸಿರು ಮೈ, ಕೆಂಪು ಸೆರಗು, ಸೆರಗಿನ ಕೆಂಪಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತ ಬಿಳಿಯ ಗೆರೆಗಳು. ಅದನ್ನು ನನ್ನ ಮೇಜಿನ ಮೇಲೆ ಹರವಿದರು.

"ಟೀಚರ್ರ, ಇಂಜಿನ್ನಿಗೆ ಬಣ್ಣ ಹಚ್ಚೂದೈತ್ರಿ. ನಮ್ಮ ಮಂದಿ ಹಳದಿ ಬಳದು ಕಂಪನಿ ಹೆಸರು ಬರದ್ರ ಸಾಕು ಅಂತಾರ. ನನಗದು ಸೇರಂಗಿಲ್ಲ. ಇದರಂಗ ಬೇಕು. ನಮ್ಮದು ಅಂತ ದೂರಿಂದನ ಗುರ್ತ ಹತ್ತಬೇಕು ನೋಡ್ರಿ."

ಸೆರಗಿನ ಮೇಲೆ ಕೈ ಸವರಿ, "ಮೊದಲನೆ ದಿನ ನಾನ ಓಡಸಾಂವ," ಎಂದರು. ಹೇಳುವಾಗ ಮುಖ ಅರಳಿತ್ತು.

ಇಂಜಿನ್ನಿಗೆ ಸೀರೆ ಉಡಿಸುವ ಕೆಲಸ ನನಗೂ ಹಿಡಿಸಿತು. ಆದರೆ ನನ್ನದು ಕಲಿಸುವವರ ಬುದ್ಧಿ, ಇದ್ದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ. ಸಿಮೆಂಟಿನ ಧೂಳಿನಲ್ಲಿ ಬಿಳಿ ಎಷ್ಟು ದಿನ ಬಿಳಿಯಾಗಿದ್ದೀತು? ಬಿಳಿಯನ್ನೇ ತೆಗೆದುಬಿಟ್ಟೆ. ಮೈಯೆಲ್ಲ ಹಸಿರು, ಮೂತಿಯ ಕಡೆ ಕೆಂಪು ಸೆರಗು, ಆ ಕೆಂಪಿನೊಳಕ್ಕೆ ಚಾಚಿಕೊಂಡ ಹಸಿರು ಹಲ್ಲುಗಳು. ಚಿತ್ರ ಚೆನ್ನಾಗಿಯೇ ಬಂದಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಪೆನ್ಸಿಲ್ ಒತ್ತಿದ ಜಾಗದಲ್ಲಿ ಮೆಲ್ಲಗೆ ಬೆರಳಾಡಿಸಿದರು. "ಭಾಳ ಛಲೋ ಐತ್ರಿ," ಎಂದು ಮೇಜಿನ ಮೇಲಿಟ್ಟು ಹೋದರು. ಧ್ವನಿಯಲ್ಲಿ ಹುರುಪಿರಲಿಲ್ಲ. ನನಗೆ ತುಸು ಬೇಜಾರೇ ಆಯಿತು.

ಮಧ್ಯಾಹ್ನ, ಕಾಕಾ ಶೆಡ್ಡಿಗೆ ಹೋದ ಮೇಲೆ, ಕಾಕೂ ಬಂದರು. ಚಿತ್ರ ತೋರಿಸು ಎಂದರು. ನೋಡಿ ಕುರ್ಚಿಯ ಮೇಲೆ ಕೂತರು.

"ಯವ್ವಾ, ಇದು ಅವರಿಗೆ ಕಾಣಂಗಿಲ್ಲ. ಕೆಂಪು, ಹಸರು ಎರಡೂ ಒಂದ ಅವರಿಗೆ. ಮೊದಲ ಹಂಗಿರಲಿಲ್ಲ, ಆಮ್ಯಾಗ ಆಗಿದ್ದು. ರೈಲ್ವೆ ಡಾಕ್ಟರು ಪರೀಕ್ಷಾ ಮಾಡಿದಾಗ ಗೊತ್ತಾತು. ಅವತ್ತ ಗಾಡಿಯಿಂದ ಇಳಿಸಿದ್ರು."

ಟೊಮ್ಯಾಟೊದಲ್ಲಿ ಕಾಯಿ ಯಾವುದು, ಹಣ್ಣು ಯಾವುದು ಎಂದು ಕಾಕಾ ಒತ್ತಿ ನೋಡುತ್ತಾರಂತೆ. ಹೊಸ ಅಂಗಿ ತಂದರೆ ಇದು ಯಾವ ಬಣ್ಣ ಎಂದು ಕಾಕೂನ ಮುಖ ನೋಡುತ್ತಾರಂತೆ. ಅವರು ಹೇಳುತ್ತಾರೆ, ಇವರು ಕೇಳಿ ಹಾಕಿಕೊಳ್ಳುತ್ತಾರೆ. ಇಷ್ಟು ವರ್ಷ ಹಾಗೇ ನಡೆದಿದೆ, ಯಾರೂ ಅದನ್ನು ದೊಡ್ಡದು ಮಾಡಿಲ್ಲ. ಸೀರೆ ಯಾಕೆ ಇದನ್ನೇ ಆರಿಸಿದರು ಎಂದರೆ, ಕಾಕೂ ಎಷ್ಟು ಜನರ ನಡುವೆ ನಿಂತಿದ್ದರೂ ಆ ಬಿಳಿಯ ಹಲ್ಲುಗಳಿಂದ ಅವರು ಗುರುತು ಹಿಡಿಯುತ್ತಿದ್ದರು. ನಾನು ತೆಗೆದುಹಾಕಿದ್ದು ಅದನ್ನೇ.

"ಬಣ್ಣದ್ದೇನು, ನೀ ಸರಿ ಮಾಡ್ತಿ," ಎಂದರು ಕಾಕೂ. "ನನಗ ಚಿಂತಿ ಹತ್ತಿದ್ದು ಗಾಡಿ ಓಡಸೂದು. ಅಲ್ಲಿ ಝಂಡಿ ನೋಡಿ ಓಡಸಬೇಕು. ಕೆಂಪು ತೋರಸಿದ್ರ ನಿಲ್ಲಬೇಕು. ಹಳಿ ಮ್ಯಾಲ ಕೂಲಿ ಮಂದಿ ಓಡಾಡ್ತಿರ್ತಾರ."

"ಗೆಳೆಯರಿಗೆ ಗೊತ್ತಿಲ್ಲೇನ್ರಿ, ಕಾಕೂ?"

"ಗೊತ್ತಿರಲಾರದ ಏನು? ಮುಲಾಜು. ಹೇಳಾವ್ರು ಯಾರು? ನನಗರ ಬಾಯಿ ಬರಾಕತ್ತಿಲ್ಲ. ಒಮ್ಮೆ ಇಳಿಸಿದ್ದು ಸಾಲದೇನು, ಈಗ ನಾನೂ ಇಳಸಬೇಕೇನು?"

ಕಾಕೂ ಹೋದ ಮೇಲೆ ಚಿತ್ರವನ್ನು ಮತ್ತೆ ಮಾಡಿದೆ. ಹಲ್ಲುಗಳನ್ನು ಬಿಳಿ ಮಾಡಿ, ಸೀರೆಯಲ್ಲಿ ಇದ್ದದ್ದಕ್ಕಿಂತ ತುಸು ದಪ್ಪಗೆ ಎಳೆದೆ. ಸಂಜೆ ಕಾಕಾ ಬಂದಾಗ, ಬಿಳಿಯೇ ಚೆಂದ ಅನ್ನಿಸಿತು, ಆದರೆ ಮೇಲಿಂದ ಮೇಲೆ ತೊಳೆಯಬೇಕಾಗುತ್ತದೆ ಎಂದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡರು. ಈ ಸಲ ಓರೆ ಮಾಡಲಿಲ್ಲ, ಬೆರಳಾಡಿಸಲಿಲ್ಲ.

"ತೊಳಿಯೂಣಂತ ಬಿಡ್ರಿ," ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ಕಾಕೂ ಬಂದಿದ್ದಳೇನು ಎಂದು ಕೇಳಿದರು. ನಾನು ಹೂಂ ಎಂದೆ. ಅವರು ಹಾಳೆ ಸುತ್ತಿಕೊಂಡು ಮೆಟ್ಟಿಲು ಹತ್ತಿದರು.

ಕೆಲಸ ಶುರುವಾದ ದಿನ ನಮ್ಮನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಕಾರ್ಖಾನೆಯ ಹಿಂದೆ ಹಳಿ, ಹಳಿಯ ಎರಡೂ ಕಡೆ ಬೂದು ಬಣ್ಣದ ಧೂಳು ಕೂತ ಜಾಲಿಗಿಡ, ನಡುವೆ ನಮ್ಮ ಇಂಜಿನ್. ಕಾಗದದ ಮೇಲೆ ಅಂಗೈಯಷ್ಟು ಬರೆದ ಸೆರಗು ಅಲ್ಲಿ ಮನೆಯ ಗೋಡೆಯಷ್ಟು ಎತ್ತರ ನಿಂತಿತ್ತು. ವ್ಯಾಗನ್ ತುಂಬುವ ಹೆಂಗಸರು ಅದನ್ನು ನೋಡಿ ಸೀರೆ ಸೀರೆ ಎಂದು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಾಕೂ ಇಂಜಿನ್ನಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಎತ್ತಿದರು. ಗೆಳೆಯರಲ್ಲೊಬ್ಬರು ಕಾಯಿ ಒಡೆದು, ಗಾಲಿಗೊಂದರಂತೆ ನಿಂಬೆಹಣ್ಣು ಇಟ್ಟರು.

ಕಾಕಾ ಹತ್ತಿ ಕೂತರು. ಕಂಪನಿ ಕೆಲಸಕ್ಕೆ ಇಟ್ಟುಕೊಂಡಿದ್ದ ಡ್ರೈವರ್ ಅವರ ಹಿಂದೆ ಕೈಕಟ್ಟಿ ನಿಂತ. ಗೆಳೆಯರೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು. ಇಂಜಿನ್ ಶುರುವಾಗಿ ನೆಲ ನಡುಗಿತು. ದೂರದಲ್ಲಿ ಝಂಡಿಯವನು ಎರಡೂ ಬಾವುಟ ಕೈಯಲ್ಲಿ ಹಿಡಿದು ಹಳಿಯ ಮೇಲಿದ್ದ ಜನರನ್ನು ಸರಿಸಿದ, ಆಮೇಲೆ ಒಂದನ್ನು ಬಿಚ್ಚಿ ಎತ್ತಿದ. ಹಸಿರು.

ಇಂಜಿನ್ ಕದಲಲಿಲ್ಲ. ಕಾಕಾ ಬಾವುಟವನ್ನು ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾಕೂನ ಕಡೆ ನೋಡಿದರು. ಹೊಸ ಅಂಗಿ ಹಿಡಿದು ನೋಡುತ್ತಿದ್ದರಂತಲ್ಲ, ಅದೇ ನೋಟ. ಒಂದು ಸಲ ತಲೆ ಆಡಿಸಿದ್ದರೆ ಸಾಕಾಗಿತ್ತು. ಕಾಕೂ ನನ್ನ ಪಕ್ಕದಲ್ಲೇ ಇದ್ದರು. ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ತಲೆ ಬಗ್ಗಿಸಿ, ತಟ್ಟೆಯನ್ನೇ ನೋಡುತ್ತ ನಿಂತರು. ತಲೆ ಎತ್ತಲೇ ಇಲ್ಲ.

ಕೊನೆಗೆ ಕಾಕಾ ಎದ್ದು ಡ್ರೈವರನ ಭುಜ ತಟ್ಟಿ ಕೂಡಿಸಿದರು. ಮೆಟ್ಟಿಲ ಬಗ್ಗಿದ ಕಂಬಿ ಹಿಡಿದು ಮೆಲ್ಲಗೆ ಇಳಿದು, ಧೂಳಿನಲ್ಲಿ ನಡೆದುಕೊಂಡು ಬಂದು ಕಾಕೂನ ಪಕ್ಕ ನಿಂತರು.

"ಹಸರೇನ?"

"ಹಸರ," ಎಂದರು ಕಾಕೂ.

ಇಂಜಿನ್ ಹೊರಟಿತು. ನಿಂಬೆಹಣ್ಣು ನುಚ್ಚಾದವು. ಹೆಂಗಸರು ಚಪ್ಪಾಳೆ ತಟ್ಟಿದರು. ವ್ಯಾಗನ್ನುಗಳು ಒಂದೊಂದೇ ಜಗ್ಗಿಕೊಂಡು ಹಿಂದೆ ನಡೆದವು. ಆ ಬಿಳಿ ಹಲ್ಲುಗಳು ತಿರುವಿನಲ್ಲಿ ಮರೆಯಾಗುವವರೆಗೂ ಕಾಕಾ ಕಣ್ಣು ಕೀಳಲಿಲ್ಲ. ವಾಪಸ್ಸು ಬರುವಾಗ ವ್ಯಾನಿನಲ್ಲಿ ಗೆಳೆಯರು ಬೇಕೆಂದೇ ಜೋರಾಗಿ ಮಾತಾಡಿದರು. ಕಾಕಾ, ಕಾಕೂ ಒಂದೇ ಡಬ್ಬಿಯಿಂದ ಅವಲಕ್ಕಿ ತಿಂದರು. ಆ ದಿನದ ಮಾತು ಅವರಿಬ್ಬರ ನಡುವೆ ಮುಂದೆಂದಾದರೂ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಇಂಜಿನ್ ತೊಳೆಯಲು ಮಾತ್ರ ಕಾಕಾ ತಪ್ಪದೆ ತಾಂಡೂರಿಗೆ ಹೋಗುತ್ತಿದ್ದರು.

ಕಾಕಾ ಹೋಗಿ ಈಗ ಎಷ್ಟೋ ವರ್ಷವಾಯಿತು. ಗೆಳೆಯರಿಗೂ ವಯಸ್ಸಾಗಿ, ಕಂಪನಿಯನ್ನು ಯಾವುದೋ ದೊಡ್ಡ ಕಂಪನಿಗೆ ಒಪ್ಪಿಸಿದರು. ನಾವು ಆ ಓಣಿ ಬಿಟ್ಟೆವು. ಕಾಕೂ ಗಚ್ಚಿಬೌಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ತಿಂಗಳು ಮದುವೆಗೆಂದು ಕಲಬುರಗಿಗೆ ಹೋಗುವಾಗ ನಮ್ಮ ಗಾಡಿ ತಾಂಡೂರಿನಲ್ಲಿ ನಿಂತಿತು. ಆಚೆಯ ಹಳಿಯ ಮೇಲೆ ಆ ಇಂಜಿನ್ ಇತ್ತು. ಬಗ್ಗಿದ ಮೆಟ್ಟಿಲ ಕಂಬಿಯಿಂದ ಗುರುತು ಸಿಕ್ಕಿತು, ಬಣ್ಣದಿಂದಲ್ಲ. ಅದಕ್ಕೆ ಹಳದಿ ಬಳಿದು ಹೊಸ ಕಂಪನಿಯ ಹೆಸರು ಬರೆದಿದ್ದರು.

ನಿನ್ನೆ ಕಾಕೂನನ್ನು ನೋಡಲು ಹೋಗಿದ್ದೆ. ಹೇಳಲೋ ಬೇಡವೋ ಎಂದು ತಡವರಿಸಿ, ಕಡೆಗೆ ಇಂಜಿನ್ನಿಗೆ ಬೇರೆ ಬಣ್ಣ ಹಚ್ಚಿದ್ದಾರೆ ಎಂದೆ. ಕಾಕೂ ನಕ್ಕರು.

"ಹಚ್ಚಲಿ ಬಿಡವಾ. ಅವರು ಇದ್ದಿದ್ರರ ಅವರಿಗೆಲ್ಲಿ ಗೊತ್ತಾಗ್ತಿತ್ತು."

ಚಹಾ ಕುಡಿದೆವು. ಅಳಿಯ, ಮೊಮ್ಮಕ್ಕಳು, ಮೊಣಕಾಲು ನೋವು, ಎಲ್ಲ ಮಾತು ಬಂದು ಹೋಯಿತು. ನಾನು ಏಳುವ ಹೊತ್ತಿಗೆ ಅವರು ನನ್ನ ಕೈ ಹಿಡಿದು ಕೇಳಿದರು.

"ಹಲ್ಲು ಉಳಿಸ್ಯಾರೇನು? ಸೆರಗಿನ ಬಿಳಿ ಹಲ್ಲು?"

"ಇಲ್ರಿ, ಕಾಕೂ."

ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

"ಹಂಗಾರ ಅವರಿಗೆ ಗೊತ್ತಾಗ್ತಿತ್ತು," ಎಂದರು.