ಇಬ್ಬರು ಹಂಚಿಕೊಂಡ ಸುದ್ದಿ

ನ್ಯಾಯಾಲಯದ ಗಾಂಭೀರ್ಯವನ್ನು ಕಾಪಾಡುವುದು ನಾಗರಿಕ ಸಮಾಜದ ಪರಮ ಕರ್ತವ್ಯ. ನಿಜಾಮರ ಕಾಲದ ನಾರಾಯಣಖೇಡದಲ್ಲಿ ಈ ಕರ್ತವ್ಯವನ್ನು ಬಹುಮಟ್ಟಿಗೆ ಅದಾಲತ್ತಿನ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದ ಒಂದು ಕರಿನಾಯಿ ನಿರ್ವಹಿಸುತ್ತಿತ್ತು. ಅದನ್ನು ದಾಟುವಾಗ ಎಂಥ ವಕೀಲನೂ ತಲೆ ತಗ್ಗಿಸಿ, ಧೋತರ ಎತ್ತಿ ಹಿಡಿದು ನಡೆಯಲೇಬೇಕು.

ಇವತ್ತು ಬೆಳಿಗ್ಗೆ ಪತ್ರಿಕೆಯಲ್ಲಿ ಒಂದು ಖಟ್ಲೆಯ ಸುದ್ದಿಯ ಕೆಳಗೆ ‘ಸಾಕ್ಷಿಯ ಗುರುತು ಮರೆಮಾಡಲಾಗಿದೆ’ ಎಂಬ ಸಾಲು ಕಂಡಾಗ ಇದೆಲ್ಲ ನೆನಪಾಯಿತು. ಕೈಯಲ್ಲಿದ್ದ ಚಹಾ ಆರಿಹೋಯಿತು.

ಆಗ ನಾನು ಆ ಅದಾಲತ್ತಿನಲ್ಲಿ ನಕಲು ಬರೆಯುವ ಕಾರಕೂನ. ನನ್ನ ಸೋದರಮಾವ ವೀರಭದ್ರಯ್ಯ ಹೈದರಾಬಾದಿನ ಒಂದು ಕನ್ನಡ ವಾರಪತ್ರಿಕೆಗೆ ಬಾತ್ಮೀದಾರ. ಗಫಾರ ಸಾಹೇಬರು ಅಲ್ಲಿಯದೇ ಒಂದು ಉರ್ದು ದಿನಪತ್ರಿಕೆಗೆ. ಇಬ್ಬರೂ ಜಹೀರಾಬಾದಿನಿಂದ ಒಂದೇ ಮೋಟಾರಿನಲ್ಲಿ ಬಂದು ಒಂದೇ ಬೆಂಚಿನ ಮೇಲೆ ಕೂಡುತ್ತಿದ್ದರು. ಆದರೆ ಸುದ್ದಿ ಒಂದೇ ತೆರನಾಗಿ ಬಂದರೆ ಅವರವರ ಸಂಪಾದಕರು ‘ಕದ್ದು ಬರೆದೆ’ ಎಂದು ಬೈಯುತ್ತಿದ್ದರು. ಅದಕ್ಕಾಗಿ ಇವರು ಸುದ್ದಿಯನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಹಂಚಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದರು. ಎಮ್ಮೆ ಕಳುವಾದರೆ ಕಳ್ಳ ಒಬ್ಬರ ಪಾಲಿಗೆ, ಎಮ್ಮೆ ಇನ್ನೊಬ್ಬರ ಪಾಲಿಗೆ. ತಾಂಡೂರಿನಲ್ಲಿದ್ದ ನನ್ನ ಅಜ್ಜಿ ಪೂರ್ತಿ ಕಥೆ ತಿಳಿಯಬೇಕಾದರೆ ಎರಡೂ ಪತ್ರಿಕೆಗಳನ್ನು ಓದಿಸಿಕೊಳ್ಳುತ್ತಿದ್ದಳು.

ಇಂಥ ದಿನಗಳಲ್ಲಿ ವಿಲಾಯತಿಯಲ್ಲಿ ಕಾನೂನು ಓದಿದ ಒಬ್ಬ ಮುನ್ಸಿಫರು ಬಂದರು. ಅವರ ಮುಂದೆ ಒಂದು ಖೂನಿ ಖಟ್ಲೆಯ ಪೂರ್ವ ವಿಚಾರಣೆ ನಡೆಯಿತು. ಹಳ್ಳಿಯೊಂದರ ಪಾಟೀಲ ತನ್ನ ಜೀತದಾಳನ್ನು ಬಡಿದು ಕೊಂದನೆಂಬ ಆರೋಪ. ಕಣ್ಣಾರೆ ಕಂಡವಳು ಒಬ್ಬಳೇ, ಬೇರೆ ಊರಿನಿಂದ ಆ ಕಡೆ ಕುರಿ ಮೇಯಿಸಲು ಹೋಗಿದ್ದ ಹೆಂಗಸು. ಮುನ್ಸಿಫರು ಬಾಗಿಲು ಹಾಕಿಸಿ ಅವಳ ಹೇಳಿಕೆ ಪಡೆದರು. ಅದನ್ನು ಎಷ್ಟು ಗುಟ್ಟಾಗಿ ಪಡೆದರೆಂಬುದು ಜಗತ್ತಿಗೆ ತಿಳಿಯಲೆಂದು ಬಾತ್ಮೀದಾರರಿಬ್ಬರನ್ನೂ ಒಳಗೆ ಕೂಡಿಸಿಕೊಂಡರು.

"ನನ್ನ ಹೆಸರು ಹೊರಗ ಬಿದ್ರ ನಾ ಉಳಿಯಾಂಗಿಲ್ರಿ, ಸಾಹೇಬ್ರ. ಎರಡು ಹೆಣ್ಣು ಕೂಸು ಅವ ನನಗ," ಅಂದಳು ಆಕೆ.

ಮುನ್ಸಿಫರು ಕನ್ನಡಕ ತೆಗೆದು ಒರೆಸಿದರು. "ಲಂಡನ್ನಿನ ಅಖಬಾರದವರು ಇಂಥಾದ್ದು ಛಾಪಿಸೋದಿಲ್ಲ. ಇಲ್ಲೂ ಅದೇ ಕಾಯದೆ. ಹೆಸರು ಛಾಪಿಸಿದವರು ಸೀದಾ ಜೇಲಿಗೆ."

ಅಂದೇ ಎದುರಿನ ಹೋಟೆಲಿನಲ್ಲಿ ಹಂಚಿಕೆ ನಡೆಯಿತು.

"ಹೆಸರು ಇಬ್ರೂ ಬಿಡೋಣ, ಅಯ್ಯನೋರೆ. ಆಕಿ ಊರು ನನಗಿರ್ಲಿ," ಅಂದರು ಗಫಾರ ಸಾಹೇಬರು.

"ಆತು ಸಾಬ್, ಕುರಿ ನನಗ ಬಿಡ್ರಿ," ಅಂದ ಮಾವ.

"ಯಾಕ್ರಿ, ಸಾಬನ ಕೈಯಾಗ ಕುರಿ ಕೊಡಾಕ ಅಂಜಿಕೆ ಏನು?"

ಇಬ್ಬರೂ ನಕ್ಕರು. ನಾನೂ ನಕ್ಕೆ.

ಉರ್ದು ಪತ್ರಿಕೆಯಲ್ಲಿ ಊರು ಬಂತು, ಕಸಬು ಇಲ್ಲ. ಕನ್ನಡ ಪತ್ರಿಕೆಯಲ್ಲಿ ಕುರಿ ಬಂತು, ಊರು ಇಲ್ಲ. "ನೋಡೋ, ಹೆಸರಿನ ವಾಸನಿ ಸುದ್ದಾ ಇಲ್ಲ!" ಎಂದು ಮಾವ ನನಗೆ ತೋರಿಸಿ ಮೀಸೆ ತೀಡಿದ. ಪಾಟೀಲನ ಕಡೆಯವರೂ ನನ್ನ ಅಜ್ಜಿಯ ಹಾಗೆಯೇ ಎರಡೂ ಪತ್ರಿಕೆಗಳನ್ನು ಓದಿಸಿದರು. ಆ ಊರಲ್ಲಿ ಕುರಿ ಸಾಕುವ ಮನೆ ಇದ್ದದ್ದು ಒಂದೇ.

ಆ ವಾರವೇ ಮನೆಗೂ ಕುರಿಹಟ್ಟಿಗೂ ಬೆಂಕಿ ಬಿತ್ತು. ದೊಡ್ಡ ಮಗಳು ಬೆಂಕಿಯಲ್ಲಿ ಹೋದಳು. ಮುಂದಿನ ತಾರೀಕಿಗೆ ಆಕೆ ಚಿಕ್ಕವಳನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಮುನ್ಸಿಫರು ಏನು ಕಂಡೆ ಎಂದು ಕೇಳಿದರು.

"ನಾ ಏನೂ ನೋಡಿಲ್ರಿ."

ಮತ್ತೆ ಕೇಳಿದರು. "ನೋಡಿಲ್ರಿ," ಅಂದು ಕೂಸಿನ ತಲೆಯ ಮೇಲೆ ಸೆರಗು ಎಳೆದಳು.

ಹೊರಗೆ ಮಾವ, "ನಾವು ಕಾಯದೆ ಮುರಿದಿಲ್ಲ, ಸಾಬ್," ಅಂದ.

"ಇಲ್ರಿ ಅಯ್ಯನೋರೆ. ಹಂಚ್ಕೊಂಡು ಪಾಲಿಸೀವಿ."

ಆ ದಿನ ಇಬ್ಬರೂ ಬೇರೆ ಬೇರೆ ಮೋಟಾರಿನಲ್ಲಿ ಹೋದರು.

ನೀವು ಗಮನಿಸಿರಬಹುದು, ಆಕೆಯ ಕಸಬನ್ನು ನಾನು ಹೇಳಿದ್ದೇನೆ, ಊರನ್ನು ಹೇಳಿಲ್ಲ. ಆ ಮನೆಯವರ ಪೈಕಿ ಈಗ ಯಾರೂ ಉಳಿದಿಲ್ಲ. ಆದರೂ ಹೇಳುವುದಿಲ್ಲ. ಇವತ್ತಿನ ಸುದ್ದಿಯ ಸಾಕ್ಷಿ ಯಾವ ಊರಿನವರೆಂದು ತಿಳಿಯುವ ಮೊದಲೇ ಪತ್ರಿಕೆಯನ್ನು ಮಡಚಿಟ್ಟೆ.

ಅಂದು ಹೆಸರು ಎಲ್ಲೂ ಬಂದಿರಲಿಲ್ಲವಾದ್ದರಿಂದ ಪತ್ರಿಕೆಗಳ ಮೇಲೆ ಯಾವ ಕ್ರಮವನ್ನೂ ಜರುಗಿಸಲಿಲ್ಲ. ಸಾಕ್ಷ್ಯವಿಲ್ಲವೆಂದು ಪಾಟೀಲನನ್ನು ಬಿಡುಗಡೆ ಮಾಡಲಾಯಿತು.