ರೆಕ್ಕೆ ಮಡಚಿದಾಗ

ಅಣ್ಣನ ಎಡಗೈಯಿಂದ ಬ್ರೇಕಿನ ಹಿಡಿ ಜಾರಿದ್ದನ್ನು ಕಂಡವಳು ನಾನೊಬ್ಬಳೇ. ಅದು ಜಾರಿದ್ದು ಅವನಿಗೇ ಗೊತ್ತಾಗಿರಲಿಲ್ಲ.

ನಾವು ಹಾರುತ್ತಿದ್ದದ್ದು ಪೈವಳಿಕೆಯ ಆಚೆಯ ಒಂದು ಬೋಳುಗುಡ್ಡದಿಂದ. ಮಳೆ ನಿಂತು ಮುಳಿಹುಲ್ಲು ಒಣಗತೊಡಗಿದ ಮೇಲೆ, ಮಧ್ಯಾಹ್ನದ ಕಡಲಗಾಳಿ ಅದರ ಪಡುವಣ ಮೈಗೆ ಬಡಿದು ಮೇಲೇರುತ್ತದೆ. ಅಣ್ಣ ಗಲ್ಫಿನಲ್ಲಿದ್ದಾಗ ರಜೆಯ ದಿನಗಳಲ್ಲಿ ಮರಳಗುಡ್ಡಗಳ ಮೇಲೆ ಪ್ಯಾರಾಗ್ಲೈಡಿಂಗ್, ಅಂದರೆ ಬಟ್ಟೆಯ ರೆಕ್ಕೆಗೆ ತೂಗಿಕೊಂಡು ಹಾರುವುದನ್ನು, ಕಲಿತಿದ್ದ. ಊರಿಗೆ ಮರಳಿದ ಮೇಲೆ ನನಗೂ ಕಲಿಸಿದ. ನಾನು ಎಂಎಸ್ಸಿ ಮುಗಿಸಿ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಗೆಸ್ಟ್ ಟೀಚರ್ ಆಗಿದ್ದೆ. ವಾರದ ಉಳಿದ ದಿನಗಳಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ, ಭಾನುವಾರ ಶಾಲೆಯಲ್ಲಿ ಯಾರಿಗೂ ಹೇಳದೆ ಗುಡ್ಡ ಹತ್ತುವುದು ನನಗೆ ಒಗ್ಗಿತ್ತು.

ಆ ಭಾನುವಾರ ಅಣ್ಣ ಹಾರಿದ್ದ, ನಾನು ಗುಡ್ಡದ ಮೇಲೆ ನನ್ನ ಸರದಿಗೆ ಕಾಯುತ್ತಿದ್ದೆ. ಅವನು ಇಳಿಜಾರಿನ ಮೂಲೆ ದಾಟುವಾಗ ರೆಕ್ಕೆಯ ಬಲಭಾಗ ಒದ್ದೆ ಬಟ್ಟೆಯ ಹಾಗೆ ಮಡಚಿ ಕೆಳಗೆ ಜೋತಿತು. ರೆಕ್ಕೆ ಅವನನ್ನು ಗುಡ್ಡದ ಕಡೆಗೇ ತಿರುಗಿಸಿತು. ಅವನು ರೆಕ್ಕೆಯ ವೇಗ ತಗ್ಗಿಸುವ ಎಡಗಡೆಯ ಬ್ರೇಕಿನ ಹಗ್ಗವನ್ನು ಸೊಂಟದವರೆಗೂ ಎಳೆದ. ತೆರೆದಿದ್ದ ಅರ್ಧವೂ ಹಾರುವುದನ್ನು ನಿಲ್ಲಿಸಿ ಹಿಂದಕ್ಕೆ ಬಿತ್ತು. ಅವನ ಕಾಲಡಿಯಲ್ಲಿ ಗೇರುಮರಗಳಿದ್ದವು. ಆಗ ಅವನ ಎಡಗೈಯಿಂದ ಹಿಡಿ ಜಾರಿ ಮೇಲಕ್ಕೆ ಹಾರಿತು. ಹಿಡಿ ಬಿಟ್ಟುಹೋದ ಆ ಕ್ಷಣವೇ ರೆಕ್ಕೆ ಮುಂದಕ್ಕೆ ಬಂದು, ಗಾಳಿ ತುಂಬಿ, ಪಟ್ಟೆಂದು ತೆರೆದುಕೊಂಡಿತು.

ಕೆಳಗೆ ಸಿಕ್ಕಾಗ ಅವನ ಮುಖದಲ್ಲಿ ಗೆಲುವಿತ್ತು.

"ನೋಡಿದೆಯಾ? ಎಳೆದು ಹಿಡಿದದ್ದಕ್ಕೆ ಬದುಕಿದೆ."

"ನೀನು ಹಿಡಿದದ್ದಕ್ಕಲ್ಲ ಅಣ್ಣ, ಹಿಡಿ ಕೈತಪ್ಪಿದ್ದಕ್ಕೆ. ನಾನು ನೋಡಿದೆ."

"ಅಷ್ಟು ಮೇಲಿನಿಂದ ನಿನಗೆ ನನ್ನ ಬೆರಳು ಕಂಡಿತಾ? ಹೋಗು ಮಾರಾಯ್ತಿ, ಇದು ನಿನ್ನ ಲ್ಯಾಬ್ ಅಲ್ಲ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಅಣ್ಣ ಇಬ್ಬರು ಕೂತು ಹಾರುವ ದೊಡ್ಡ ರೆಕ್ಕೆಯೊಂದನ್ನು ಆಗಲೇ ತರಿಸಿದ್ದ. ಪ್ರವಾಸಿಗರನ್ನು ಹಾರಿಸುವ ಯೋಚನೆ. ಅದಕ್ಕೂ ಮೊದಲು ಕೂರುವವಳು ತಾನೇ ಎಂದು ಅತ್ತಿಗೆ ಹೇಳಿಯಾಗಿತ್ತು. "ನಿನ್ನ ಅಣ್ಣನ ಬೈಕಿನಲ್ಲಿ ಉಪ್ಪಳಕ್ಕೆ ಹೋಗಿ ಬಂದವಳಿಗೆ ಗಾಳಿಯಲ್ಲಿ ಎಂತ ಹೆದರಿಕೆ?" ಎಂದು ನಗುತ್ತಿದ್ದಳು. ಆ ರಾತ್ರಿ ಊಟದ ಹೊತ್ತಿಗೂ ಅದೇ ಮಾತು. ಅವಳು ಯಾವ ಬಣ್ಣದ ಚೂಡಿದಾರ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಕೇಳುತ್ತಿದ್ದಳು. ಅಣ್ಣ ಅನ್ನ ಕಲಸುತ್ತಿದ್ದ. ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ.

ಮೈಸೂರು ಕಡೆಯ ತರಬೇತುದಾರರೊಬ್ಬರು ನೀರಿನ ಮೇಲೆ ಮುಂದಿನ ಹಂತದ ತರಬೇತಿ ಕೊಡುತ್ತಾರೆಂದು ನನಗೆ ಗೊತ್ತಿತ್ತು. ಅವರು ಮಂಗಲ್ಪಾಡಿಯ ಕಡಲತೀರಕ್ಕೆ ಬರುವುದಾಗಿ ಒಪ್ಪಿದಾಗ ನಾನು ಇಬ್ಬರ ಹೆಸರನ್ನೂ ಕೊಟ್ಟೆ. ಅಣ್ಣ ಬಂದದ್ದು ನನಗೆ ಕಾವಲಾಗಿ, ತನಗೆ ಕಲಿಯುವುದೇನೂ ಇಲ್ಲ ಎಂಬ ಭಾವದಲ್ಲಿ.

ತರಬೇತಿಯ ಕ್ರಮ ಹೇಳಲು ಸರಳ. ದೋಣಿಗೆ ಕಟ್ಟಿದ ಹಗ್ಗ ನಮ್ಮನ್ನು ದಡದಿಂದ ಎಳೆದು ಕಡಲಿನ ಮೇಲೆ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಹಗ್ಗ ಬಿಚ್ಚಿ, ನಮ್ಮ ರೆಕ್ಕೆಯನ್ನು ನಾವೇ ಒಂದು ಬದಿಯಿಂದ ಎಳೆದು ಕೆಡಿಸಬೇಕು. ಕೆಟ್ಟ ರೆಕ್ಕೆಯನ್ನು ಸರಿಯಾಗಲು ಬಿಡಬೇಕು. ತಪ್ಪಿದರೆ ಎದೆಯ ಬಳಿ ಇರುವ, ರಿಸರ್ವ್ ಎಂಬ ತುರ್ತು ಪ್ಯಾರಾಚೂಟನ್ನು ಎಸೆಯಬೇಕು. ಕೆಳಗೆ ನೀರಿದೆ, ಮೈಮೇಲೆ ಲೈಫ್ ಜಾಕೆಟ್ ಇದೆ, ಎತ್ತಿಕೊಳ್ಳಲು ಇನ್ನೊಂದು ದೋಣಿ ಇದೆ.

ಆ ಇನ್ನೊಂದು ದೋಣಿ ಅಲ್ಲಿ ಮೀನು ಹಿಡಿಯುವ ಒಬ್ಬ ಬ್ಯಾರಿ ಕಾಕನದ್ದು. ನಮ್ಮ ಸರಂಜಾಮನ್ನೆಲ್ಲ ನೋಡಿ ಕಾಕ ನನ್ನನ್ನು ಮಗಳೆಂದೇ ಕರೆದು ಕೇಳಿದರು, "ಅಲ್ಲ ಮೋಳೇ, ಒಳ್ಳೆ ಉಂಟಲ್ಲ ಕೊಡೆ, ಅದನ್ನು ಮೇಲೆ ಹೋಗಿ ನೀವೇ ಹಾಳು ಮಾಡುವುದಾ?"

"ಹಾಳಾದರೆ ಎಂತ ಮಾಡುವುದು ಅಂತ ಕಲಿಯಲಿಕ್ಕೆ, ಕಾಕ."

"ನಮ್ಮ ದೋಣಿಯನ್ನು ನಾವು ಹಾಗೆ ಕಲಿಯಲಿಲ್ಲ, ಪುಣ್ಯ."

ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಬರುತ್ತದೆ. ಅದು ನಿಂತು ಕಡಲಿನಿಂದ ಗಾಳಿ ಏಳುವವರೆಗೆ ಕಾಯಬೇಕು. ನಡುವಿನ ಆ ಹೊತ್ತು ಎಲೆಯೂ ಅಲುಗುವುದಿಲ್ಲ. ರೆಕ್ಕೆಗೆ ತೂಗುವ ಹಾರ್ನೆಸ್ ಕಟ್ಟಿಕೊಂಡು ನಾನು ಮರಳಿನಲ್ಲಿ ನಿಂತಿದ್ದೆ. ತರಬೇತಿ ಕೊಡುವ ಸರ್ ನನ್ನ ಎದುರು ನಿಂತು ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳುತ್ತಿದ್ದರು.

"ರೆಕ್ಕೆ ಹಾರೋಕೆ ಅಂತಲೇ ಹುಟ್ಟಿರೋದಮ್ಮ. ನೀವು ಅಡ್ಡ ಬರಬೇಡಿ, ಅಷ್ಟೆ. ಮಡಚಿದ ತಕ್ಷಣ ಕೈ ಎಲ್ಲಿರಬೇಕು?"

"ಮೇಲೆ."

"ಮೈ ಎಲ್ಲಿ ವಾಲಬೇಕು?"

"ತೆರೆದಿರುವ ಕಡೆಗೆ."

"ಬಾಯಲ್ಲಿ ಎಲ್ಲರೂ ಪಾಸು. ಕೈ ಏನು ಹೇಳುತ್ತೋ ನೋಡೋಣ."

ನನ್ನನ್ನು ಎಳೆದ ಹಗ್ಗ ಬಿಚ್ಚಿದಾಗ ಎಲ್ಲ ಸದ್ದೂ ನಿಂತಿತು. ಕಿವಿಯಲ್ಲಿ ಸರ್ ಅವರ ರೇಡಿಯೋ ಮಾತ್ರ. ಎತ್ತರದಿಂದ ಕಡಲು ತೆರೆಗಳಿಲ್ಲದ ಹಸಿರು ತಗಡಿನ ಹಾಗಿತ್ತು. ರೆಕ್ಕೆಯ ಹಗ್ಗಗಳು ಸೇರುವ ಬಲಗಡೆಯ ಮುಂದಿನ ಪಟ್ಟಿಯನ್ನು ಹಿಡಿದುಕೊಂಡೆ. "ಎಳೀರಿ" ಎಂದರು. ನಾನು ಎಳೆಯಲಿಲ್ಲ. ಎಳೆಯಬೇಕೆಂದು ಗೊತ್ತಿತ್ತು, ಏಕೆಂಬುದೂ ಗೊತ್ತಿತ್ತು. ಆದರೆ ನನ್ನನ್ನು ಎತ್ತಿಹಿಡಿದಿರುವ ಒಂದೇ ಒಂದು ವಸ್ತುವನ್ನು ನಾನೇ ಕೆಡಿಸಲು ಕೈ ಒಪ್ಪಲಿಲ್ಲ.

"ಆತುರ ಇಲ್ಲ. ಉಸಿರು ತಗೊಳ್ಳಿ. ಎಳೀರಿ."

ಎಳೆದೆ. ತಲೆಯ ಮೇಲೆ ಬಟ್ಟೆ ಬಡಿದ ಸದ್ದು. ಬಲಗಡೆಯ ಆಕಾಶ ಖಾಲಿಯಾಯಿತು. ಕುರ್ಚಿಯ ಒಂದು ಕಾಲು ಮುರಿದ ಹಾಗೆ ಮೈ ಬಲಕ್ಕೆ ಕುಸಿದು ಕಡಲು ತಿರುಗತೊಡಗಿತು. ನನ್ನ ಎರಡೂ ಕೈಗಳು ಕೆಳಗೆ ಹೋದವು. ನಾನು ಕಳುಹಿಸಿದ್ದಲ್ಲ, ತಾವಾಗಿ ಹೋದವು. ಎದೆಯ ಮಟ್ಟಕ್ಕೆ, ಅಲ್ಲಿಂದ ಹೊಟ್ಟೆಯ ಮಟ್ಟಕ್ಕೆ. ಆಗ ಗೇರುಮರಗಳ ಮೇಲಿನ ಅಣ್ಣನ ಆ ಎಡಗೈ ಕಣ್ಣಿಗೆ ಬಂತು. ಕೈ ಮೇಲೆತ್ತಿದೆ. ಎಡಕ್ಕೆ ವಾಲಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ, ಆ ಒಂದು ಉಸಿರು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಆಮೇಲೆ ರೆಕ್ಕೆ ತೆರೆದುಕೊಂಡಿತು.

ದಡದಲ್ಲಿ ಇಳಿದಾಗ ಸರ್ ಹೊಗಳಲಿಲ್ಲ. "ಕೈ ಯಾಕಮ್ಮ ಅಷ್ಟು ಕೆಳಗೆ ಬಂತು? ನೀವಿಬ್ಬರೂ ಮರಳಲ್ಲಿ ನಿಂತು ಸುಮ್ಮನೆ ರೆಕ್ಕೆ ಎತ್ತುವಾಗಲೂ ಕೈ ಕೆಳಗೇ ಇರುತ್ತೆ. ನಾನು ಬೆಳಿಗ್ಗೆಯಿಂದ ನೋಡ್ತಾ ಇದೀನಿ. ನೀವು ದಿನಾ ಇಳಿಯೋದು ಎಲ್ಲಿ?"

ಅಣ್ಣ ಹೆಮ್ಮೆಯಿಂದ ಹೇಳಿದ. ಗುಡ್ಡದ ಬುಡದಲ್ಲಿ, ಮೂರು ಕಡೆ ಅಡಿಕೆ ತೋಟ, ಒಂದು ಕಡೆ ಕರೆಂಟಿನ ತಂತಿ, ನಡುವೆ ಒಂದು ತುಂಡು ಗದ್ದೆ. ಬ್ರೇಕನ್ನು ಸೊಂಟದವರೆಗೆ ಎಳೆದು, ರೆಕ್ಕೆಯನ್ನು ಬಹುತೇಕ ನಿಲ್ಲಿಸಿಯೇ ಅಲ್ಲಿ ಇಳಿಯಬೇಕು. "ಹೊರಗಿನವರಿಗೆ ಆಗುವುದಿಲ್ಲ ಸರ್. ನಮಗೆ ಮಾತ್ರ ಬರುವುದು. ತೆಂಗಿನಕಾಯಿ ಬಿದ್ದ ಹಾಗೆ, ನೇರ ಗದ್ದೆಗೆ."

ಸರ್ ತಮ್ಮ ಕೈಯನ್ನು ಸೊಂಟದವರೆಗೆ ಇಳಿಸಿ ತೋರಿಸಿದರು. "ಅದನ್ನೇ ಕೈ ಕಲಿತಿದೆ. ಹೆದರಿಕೆಯಾದರೆ ಎಳಿ ಅಂತ. ಪ್ರತಿ ಸಲ ಅಲ್ಲಿ ಇಳಿದಾಗಲೂ ಅದೇ ಪಾಠ ಗಟ್ಟಿಯಾಗ್ತಾ ಬಂದಿದೆ."

ಅಣ್ಣ ನಕ್ಕ. ಅವನ ಸರದಿ ಬಂದಿತ್ತು, ದೋಣಿ ಅವನನ್ನು ಮೇಲಕ್ಕೆ ಎಳೆದೊಯ್ದಿತು.

ಅತ್ತಿಗೆ ಆಗಷ್ಟೇ ಊಟದ ಬುತ್ತಿ ಹಿಡಿದುಕೊಂಡು ಆಟೋದಲ್ಲಿ ಬಂದಿಳಿದಳು. ಗಾಳಿಮರದ ನೆರಳಲ್ಲಿ ನನ್ನ ಪಕ್ಕ ನಿಂತು ಮೇಲೆ ನೋಡಿದಳು. "ಅದು ಅವರಾ? ಗಿಳಿಯಷ್ಟು ಕಾಣ್ತಾರೆ."

"ಎಳೀರಿ" ಎಂದರು ಸರ್.

ಅಣ್ಣ ಹಿಂಜರಿಯಲಿಲ್ಲ, ಜೋರಾಗಿಯೇ ಎಳೆದ. ರೆಕ್ಕೆಯ ಬಲಭಾಗ ಮಡಚಿತು.

"ಕೈ ಮೇಲೆ. ಕೈ ಮೇಲೆ. ಕೈ ಮೇಲೆ ತಗೊಳ್ಳಿ."

ಎಡಗೈ ಕೆಳಗೆ ಹೋಯಿತು. ದಡದಿಂದಲೇ ಕಾಣುತ್ತಿತ್ತು. ರೆಕ್ಕೆಯ ಉಳಿದ ಅರ್ಧ ಹಿಂದಕ್ಕೆ ಬಿತ್ತು, ಗುಡ್ಡದ ಮೇಲೆ ಕಂಡ ಹಾಗೆಯೇ. ಆದರೆ ಈ ಸಲ ಹಿಡಿ ಜಾರಲಿಲ್ಲ. ರೆಕ್ಕೆ ಒಂದು ಸಲ ಅವನ ಬೆನ್ನ ಹಿಂದೆ ಹೋಯಿತು, ಇನ್ನೊಂದು ಸಲ ಅವನ ಮುಂದಕ್ಕೆ ಜಿಗಿದು ಕಾಲಿನ ಕೆಳಗೆ ಬಂತು. ಹಗ್ಗಗಳು ತಿರುಚಿಕೊಂಡವು. ಅವನು ಬುಗುರಿಯಂತೆ ತಿರುಗತೊಡಗಿದ.

"ರಿಸರ್ವ್! ಎಸೀರಿ! ಎಸೀರಿ!"

ಅತ್ತಿಗೆ ನನ್ನ ರಟ್ಟೆ ಹಿಡಿದಿದ್ದಳು. "ಎಂತ ಮಾಡ್ತಿದ್ದಾರೆ ಅವರು? ಇದು ತೋರಿಸಲಿಕ್ಕೆ ಮಾಡುವುದಾ? ಹೇಳು. ಹೇಳು ಮಾರಾಯ್ತಿ."

ತಿರುಗುತ್ತಿದ್ದ ಆ ಗೋಜಲಿನಿಂದ ಬಿಳಿಯದೇನೋ ಹೊರಗೆ ಚಿಮ್ಮಿತು, ಉದ್ದಕ್ಕೆ ಎಳೆದುಕೊಂಡಿತು, ಕೊನೆಗೆ ದುಂಡಗೆ ತೆರೆಯಿತು. ತಿರುಗಾಟ ನಿಂತಿತು. ಅವನು ಗೋಣಿಚೀಲದಂತೆ ಕಡಲಿಗೆ ಇಳಿದ. ಕಾಕನ ದೋಣಿ ಅಷ್ಟರಲ್ಲಿ ಅರ್ಧ ದಾರಿಯಲ್ಲಿತ್ತು.

ದಡಕ್ಕೆ ತಂದಾಗ ಅಣ್ಣನ ತುಟಿಗೆ ಬಣ್ಣವಿರಲಿಲ್ಲ. ಕಾಕ ಅವನ ಬೆನ್ನಿಗೆ ಹಗುರವಾಗಿ ತಟ್ಟಿ ಹೇಳಿದರು, "ಬಲೆ ಹಾಕದೆ ಸಿಕ್ಕಿದ ಮೀನು ಇದೊಂದೇ." ಬೇರೆ ದಿನವಾಗಿದ್ದರೆ ಅಣ್ಣ ಎರಡು ಮಾತು ತಿರುಗಿಸಿ ಕೊಡುತ್ತಿದ್ದ. ಅವನು ಮರಳಿನ ಮೇಲೆ ಕುಳಿತು ಅಂಗೈಯನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ನೋಡಿಕೊಂಡ.

"ನಾನು ಕೈ ಮೇಲೆತ್ತಿದೆ," ಎಂದ.

ಸರ್ ಚೀಲದಿಂದ ಕ್ಯಾಮೆರಾ ತೆಗೆದರು.

"ಸರ್, ಖಂಡಿತ ನಾನು ಎತ್ತಿದೆ."

ಸರ್ ತಮ್ಮ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ಅವನಿಗೆ ತೋರಿಸಿದರು. ಅಣ್ಣ ಅದನ್ನು ನೋಡಿದ, ಮತ್ತೆ ನೋಡಿದ. ಅತ್ತಿಗೆಯೂ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಆಮೇಲೆ ಅವನು ನನ್ನ ಕಡೆ ತಿರುಗಿದ. "ಗುಡ್ಡದಲ್ಲಿಯೂ ಹೀಗೆಯಾ?"

"ಹೌದು."

ಮರುದಿನ ಅವನು ಇನ್ನೊಮ್ಮೆ ಹೋದ. ಅತ್ತಿಗೆ ಬೇಡವೆನ್ನಲಿಲ್ಲ. ಆದರೆ ಮೇಲೆ ನೋಡದೆ ಕಾಕನ ಬಲೆಯ ರಾಶಿಗೆ ಬೆನ್ನು ಕೊಟ್ಟು ಕುಳಿತಳು. ನಿನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ ಎಂದು ನನಗೆ ಹೇಳಿದಳು. ಹಾಗಾಗಿ ನಾನು ಮುಖವನ್ನು ಹಿಡಿತದಲ್ಲಿಟ್ಟುಕೊಂಡು ನಿಲ್ಲಬೇಕಾಯಿತು. ರೆಕ್ಕೆ ಮಡಚಿತು, ಅವನ ಕೈ ಕೆಳಗಿಳಿಯತೊಡಗಿತು, ನಡುದಾರಿಯಲ್ಲಿ ನಿಂತಿತು, ಮೇಲಕ್ಕೆ ಹೋಯಿತು. ರೆಕ್ಕೆ ತೆರೆಯಿತು. ಅತ್ತಿಗೆ ಕೇಳುವ ಮೊದಲೇ "ಆಯ್ತು" ಎಂದೆ.

ಹೊರಡುವ ಮುಂಚೆ ಅಣ್ಣನೇ ಸರ್ ಅವರನ್ನು ಕೇಳಿದ, "ಇಬ್ಬರನ್ನು ಕೂರಿಸುವ ರೆಕ್ಕೆಯ ವಿಷಯ?"

"ನಿಮ್ಮ ಕೈ ಒಂದು ಸಲ ಮಾತು ಕೇಳಿದೆ. ಅದೂ ನಾನು ಕಿವಿಯಲ್ಲಿ ಕೂಗ್ತಾ ಇದ್ದೆ. ಗುಡ್ಡದಲ್ಲಿ ಕೂಗೋಕೆ ನಾನಿರಲ್ಲ." ಸರ್ ರೇಡಿಯೋದ ವಯರು ಸುತ್ತುತ್ತಿದ್ದರು. "ಬೇಡ ಅಂತ ನಾನು ಹೇಳಲ್ಲ. ಕೂರೋರು ಯಾರು ಅಂತ ನಿಮಗೆ ಗೊತ್ತು. ನೀವೇ ಯೋಚನೆ ಮಾಡಿ."

ಮನೆಯ ದಾರಿಯಲ್ಲಿ ಅಣ್ಣನೇ ಜೀಪು ಓಡಿಸುತ್ತಿದ್ದ. ಉಪ್ಪಳ ದಾಟಿದ ಮೇಲೆ ಅತ್ತಿಗೆ ಕೇಳಿದಳು, "ಹಾಗಾದರೆ ನನ್ನನ್ನು ಕೂರಿಸುವುದು ಯಾವಾಗ? ಚೂಡಿದಾರ ಹೊಲಿಸಿಯಾಗಿದೆ."

"ಈ ವರ್ಷ ಇಲ್ಲ."

"ಹೆದರಿಕೆಯಾ?"

ಅಣ್ಣ ಒಂದು ಲಾರಿಗೆ ದಾರಿ ಕೊಟ್ಟು, ಗಿಯರ್ ಬದಲಿಸಿ, ನೇರ ರಸ್ತೆ ಸಿಕ್ಕಿದ ಮೇಲೆ ಉತ್ತರ ಕೊಟ್ಟ. "ಹೌದು."

ಅತ್ತಿಗೆ ಕೀಟಲೆ ಮಾಡುತ್ತಾಳೆಂದು ನಾನು ಕಾದೆ. ಅವಳು ಮಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ನನಗೂ," ಎಂದಳು.

ಆ ಋತುವಿನಲ್ಲಿ ನಾವು ಆ ತುಂಡು ಗದ್ದೆಯಲ್ಲಿ ಇಳಿಯಲಿಲ್ಲ. ಗುಡ್ಡಕ್ಕೂ ಹೆಚ್ಚು ಹೋಗಲಿಲ್ಲ. ಭಾನುವಾರ ಸಂಜೆ ಮೂವರೂ ಕಡಲತೀರಕ್ಕೆ ಹೋಗುತ್ತಿದ್ದೆವು. ಅಣ್ಣ ಮರಳಿನಲ್ಲೇ ನಿಂತು ರೆಕ್ಕೆಯನ್ನು ತಲೆಯ ಮೇಲೆ ಎತ್ತಿಹಿಡಿಯುತ್ತಿದ್ದ, ಕಾಲು ನೆಲ ಬಿಡುವಂತಿಲ್ಲ. ನನ್ನ ಕೆಲಸ ಅವನ ಪಕ್ಕದಲ್ಲಿ ನಿಂತು, ಅವನಿಗೆ ಹೇಳದೆ, ಯಾವುದೋ ಒಂದು ಬದಿಯ ಹಗ್ಗಗಳನ್ನು ಹಠಾತ್ತನೆ ಎಳೆದು ರೆಕ್ಕೆಯನ್ನು ಕೆಡಿಸುವುದು. ಅಣ್ಣನ ವಿರುದ್ಧ ಹಾಗೆ ಸಂಚು ಮಾಡುವುದು ನನಗೆ ಸುಲಭವಾಗಿರಲಿಲ್ಲ. ಎಳೆಯುವ ಮೊದಲು ನನ್ನ ಉಸಿರು ಬಿಗಿಯುತ್ತಿತ್ತು, ಅದು ಅವನಿಗೆ ಕೇಳಿಸಿ ಅವನು ಸಿದ್ಧನಾಗಿಬಿಡುತ್ತಿದ್ದ. ಆಮೇಲೆ ನಾನು ಉಸಿರಾಟವನ್ನೂ ಬಚ್ಚಿಡಲು ಕಲಿತೆ.

ಒಂದು ಸಂಜೆ ಅವನು ಅತ್ತಿಗೆಯ ಜೊತೆ ಬಂಗುಡೆ ಮೀನಿನ ಬೆಲೆಯ ಬಗ್ಗೆ ಏನೋ ವಾದಿಸುತ್ತಿದ್ದಾಗ ಎಳೆದೆ. ರೆಕ್ಕೆಯ ಬಲಭಾಗ ಕುಸಿಯಿತು. ಮಾತಿನ ನಡುವೆಯೇ ಅವನ ಎರಡೂ ಕೈ ಮೇಲೆ ಹೋಗಿದ್ದವು. ಮೈ ಎಡಕ್ಕೆ ವಾಲಿತ್ತು. ರೆಕ್ಕೆ ತುಂಬಿಕೊಂಡು ನಿಂತಿತು.

ಅತ್ತಿಗೆ ಮರಳು ಕೊಡವುತ್ತ ಎದ್ದು ನಿಂತಳು. "ಈಗ ಕೈಗೆ ಬಂತಲ್ಲ?"

ಅಣ್ಣ ಮೇಲೆತ್ತಿದ ಕೈಗಳನ್ನು ಇಳಿಸಿರಲಿಲ್ಲ. "ಒಂದು ಸಲ," ಎಂದ. ಆಮೇಲೆ ನನಗೆ, ನನ್ನ ಕಡೆ ನೋಡದೆ, "ಎಳೆ ನೀನು. ನಾನು ಮಾತಾಡ್ತಾ ಇರ್ತೇನೆ."