ಗೌರಕ್ಕನ ಸ್ಪೂಲ್ ಟೇಪು

ಗೌರಕ್ಕ ನಮಗೆ ಹಾಡು ಕಲಿಸುವಾಗ ಬಾಯಿ ತೆರೆಯುತ್ತಿರಲಿಲ್ಲ. ತಿರುಗುವ ಚಕ್ರದ ಅಂಚಿಗೆ ಎರಡು ಬೆರಳು ಆನಿಸಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಹಾಡುತ್ತಿದ್ದದ್ದು ಮೇಜಿನ ಮೇಲಿನ ಸ್ಪೂಲ್ ಟೇಪ್ ರೆಕಾರ್ಡರು. ಅದರೊಳಗಿನ ದನಿ ಮಾತ್ರ ಅವರದೇ.

ಕನಕಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಒಂದು ಕಾಲಕ್ಕೆ ಬೆಂಗಳೂರಿನ ಸಣ್ಣ ಸ್ಟುಡಿಯೋವೊಂದರಲ್ಲಿ ಭಕ್ತಿಗೀತೆ, ಜೋಗುಳ ಹಾಡುತ್ತಿದ್ದವರು. ಗಂಟಲಿನ ಗಡ್ಡೆಗೆ ಆಪರೇಷನ್ ಆದ ಮೇಲೆ ಪಿಸುಮಾತು ಉಳಿಯಿತು, ಹಾಡು ಹೋಯಿತು. ಸ್ಟುಡಿಯೋ ಮುಚ್ಚಿದಾಗ ಮಾಲೀಕರು ಕೊಟ್ಟ ಆ ಯಂತ್ರವನ್ನೂ ತಮ್ಮ ಹಾಡುಗಳ ಸುರುಳಿಗಳನ್ನೂ ತಮ್ಮನಾದ ಶಿವಣ್ಣನ ಜೊತೆ ಬಸ್ಸಿನಲ್ಲಿ ಹೊತ್ತು ತಂದಿದ್ದರು.

ಕೋಡಿಹಳ್ಳಿಯಿಂದ ಭಾನುವಾರದ ಪಾಠಕ್ಕೆ ಹೋಗುತ್ತಿದ್ದ ನಾನು ಒಮ್ಮೆ, "ಇದೆಲ್ಲ ಫೋನಲ್ಲೇ ಮಾಡ್ಕೋಬೋದಲ್ಲ ಅಕ್ಕ?" ಎಂದೆ. ಅವರು ಗುಂಡಿಯೊಂದನ್ನು ತಿರುಗಿಸಿದರು. ಟೇಪು ಅರ್ಧ ವೇಗಕ್ಕಿಳಿಯಿತು, ದನಿ ಗಂಡಸಿನದರಂತೆ ದಪ್ಪಗಾಯಿತು. ಕೈಗೆ ಸಿಗದೆ ಓಡುತ್ತಿದ್ದ ಗಮಕ ಒಂದೊಂದೇ ಮೆಟ್ಟಿಲು ಇಳಿದು ಬಂತು.

"ಗೊತ್ತಾಯ್ತೇನವ್ವ? ನಿನ್ ಫೋನಲ್ಲಿ ದನಿ ಎಲ್ಲೈತೆ ಅಂತ್ಲೇ ಕಾಣಕಿಲ್ಲ. ಇಲ್ಲಿ ಬೆರಳಿಗೇ ಸಿಕ್ತದೆ."

ನಾವು ಹಾಡಿದ್ದನ್ನೂ ಅದರಲ್ಲೇ ತುಂಬಿಸಿ ಕೇಳಿಸುತ್ತಿದ್ದರು. ಎಷ್ಟು ತಪ್ಪಿದರೂ ಬೈಯುತ್ತಿರಲಿಲ್ಲ. "ನಾನೇನೂ ಯೇಳಕಿಲ್ಲ, ನೀನೇ ಕೇಳುಸ್ಕೊ," ಅಷ್ಟೇ. ಹೊಸ ಸುರುಳಿ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ತಮ್ಮ ಹಳೆಯ ಹಾಡುಗಳನ್ನೇ ಅಳಿಸಿ ಅವುಗಳ ಮೇಲೆ ನಮ್ಮದನ್ನು ತುಂಬಿಸುತ್ತಿದ್ದರು. ಇದು ನಮಗೆ ತಿಳಿಯುವ ಹೊತ್ತಿಗೆ ಜೋಗುಳದ ಸುರುಳಿ ಒಂದೇ ಉಳಿದಿತ್ತು.

ಹೋದ ವರ್ಷ ಗಡ್ಡೆ ಮತ್ತೆ ಕಾಣಿಸಿಕೊಂಡಿತು. ಒಂದು ಭಾನುವಾರ ಆ ಕೊನೆಯ ಸುರುಳಿಯನ್ನೇ ಹಾಕಿ, ಮೈಕನ್ನು ನನ್ನ ಮುಂದಿಟ್ಟರು.

"ಇದನ್ನ ಅಳಿಸ್ಬ್ಯಾಡಿ ಅಕ್ಕ. ಮೊದ್ಲು ಫೋನಿಗಾದ್ರೂ ಹಾಕ್ಕೊತೀನಿ."

"ಬ್ಯಾಡ." ಕತ್ತಿನ ಹೊಲಿಗೆಯ ಗೆರೆಯ ಮೇಲೆ ಕೈಯಿಟ್ಟುಕೊಂಡರು. "ಅದು ಹಾಡ್ದಾಗೆಲ್ಲ ಇದೂ ಹಾಡಕ್ ಹೋಯ್ತದೆ ಕಣವ್ವ. ದನಿ ಬರಕಿಲ್ಲ, ನೋವು ಮಾತ್ರ ಬತ್ತದೆ. ಇನ್ನಾದ್ರೂ ಒಸಿ ಸುಮ್ನಿರ್ಲಿ ಬುಡು."

ಪಾಠದ ಹೊತ್ತಿನಲ್ಲಿ ಅವರು ಕಣ್ಣು ಮುಚ್ಚುತ್ತಿದ್ದದ್ದು ಸಂತೋಷಕ್ಕೆ ಎಂದುಕೊಂಡಿದ್ದೆ.

ಕೆಂಪು ಗುಂಡಿ ಒತ್ತಿಯೇಬಿಟ್ಟರು. ಅಳುತ್ತಲೇ, ಅವಸರ ಅವಸರವಾಗಿ ಹಾಡಿ ಮುಗಿಸಿದೆ. ಯಂತ್ರ ನಿಲ್ಲಿಸಿ ನನ್ನ ಬೆನ್ನು ಸವರಿದರು. "ಓಡ್ಬುಟ್ಟೆ ನೋಡು. ಮುಂದಿನ್ ವಾರ ನಿಧಾನಕ್ಕೆ ಹಾಡುವಂತೆ."

ಮುಂದಿನ ವಾರ ಅವರು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಮನೆಗೆ ಬರಲಿಲ್ಲ.

ತಿಥಿಯ ದಿನ, ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ, ಶಿವಣ್ಣ ಯಂತ್ರದ ಮುಂದೆ ಬಂದು ಕೂತರು. "ಅಕ್ಕನ್ ದನಿ ಒಸಿ ಕೇಳುಸವ್ವ. ಕೇಳಿ ಎಷ್ಟೋ ಕಾಲ ಆಗೋಯ್ತು."

ಅಕ್ಕನ ದನಿಯೆಲ್ಲ ಅಳಿದಿದೆ ಎನ್ನುವ ಬದಲು ಆ ಕೊನೆಯ ಸುರುಳಿ ಹಾಕಿದೆ. ಬಿಕ್ಕುವ ದನಿಯಲ್ಲಿ ನನ್ನ ಜೋಗುಳ ಬಂತು, ಮುಗಿಯಿತು. ತಲೆ ತಗ್ಗಿಸಿ ಯಂತ್ರ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ, ನಾನು ಓಡಿ ಮುಗಿಸಿದ್ದರಿಂದ ಅಳಿಯದೆ ಉಳಿದಿದ್ದ ತುದಿಯಿಂದ ಗೌರಕ್ಕ ಹಾಡಿದರು. ಜೋಗುಳದ ಕೊನೆಯ ಸಾಲು, ಒಂದೇ ಸಾಲು. ಆಮೇಲೆ ಉಸಿರೆಳೆದುಕೊಂಡ ಸದ್ದು.

ಶಿವಣ್ಣ ಯಂತ್ರದ ಹತ್ತಿರಕ್ಕೆ ಕಿವಿ ತಂದರು.

"ಅಷ್ಟೇನಾ ಮಗಾ?"

"ಅಷ್ಟೇ ಅಣ್ಣ."

ಟೇಪಿನ ತುದಿ ಕಳಚಿಕೊಂಡು, ತಿರುಗುವ ಚಕ್ರದ ಜೊತೆ ಪಟಪಟನೆ ಬಡಿಯುತ್ತಿತ್ತು.